ಅಪ್ಪನ 800ರ ಹೆಡ್‌ಲೈಟು

ಅಮ್ಮನ ಫೋನ್ ಬಂದದ್ದು ಸೋಮವಾರ ಬೆಳಿಗ್ಗೆ, ನಾನು ಆಫೀಸಿನ ಸ್ಟ್ಯಾಂಡಪ್ ಕಾಲ್‌ನಲ್ಲಿದ್ದಾಗ. ಮ್ಯೂಟ್ ಒತ್ತಿ ಎತ್ತಿದೆ. ಧ್ವನಿ ತಗ್ಗಿಸಿ ಮಾತಾಡ್ತಾ ಇದ್ದಳು. ಅಂದ್ರೆ ಅಪ್ಪ ಅಲ್ಲೇ ಚಾವಡಿಯಲ್ಲಿ ಪೇಪರ್ ಓದ್ತಾ ಕೂತಿದ್ದಾರೆ ಅಂತ ಅರ್ಥ.

"ನಿನ್ನೆ ಉಳ್ಳಾಲದಿಂದ ಬರುವಾಗ ನೇತ್ರಾವತಿ ಸಂಕದ ಮೇಲೆ ಲೈಟ್ ಹೋಯ್ತು. ಎರಡೂ. ಜಡಿಮಳೆ. ಹಿಂದೆ ಲಾರಿ. ಅಪ್ಪ ಹೇಳಿದ್ರಾ ನಿಂಗೆ?"

ಅಪ್ಪ ಹೇಳಿರಲಿಲ್ಲ. ಹಿಂದಿನ ರಾತ್ರಿ ನನ್ನ ಹತ್ರ ಹತ್ತು ನಿಮಿಷ ಮಾತಾಡಿದ್ದರು. ಮದುವೆಯ ಊಟದ ಬಗ್ಗೆ, ಪಾಯಸದ ಬಗ್ಗೆ, ಶಿರಾಡಿ ಘಾಟಿಯಲ್ಲಿ ರಸ್ತೆ ಹೇಗುಂಟು ಅಂತ. ಲೈಟಿನ ವಿಷಯ ಇಲ್ಲ. ನಾಲ್ಕೈದು ಸೆಕೆಂಡ್ ಕತ್ತಲೆ, ಆಮೇಲೆ ಎಡಗಡೆಯದ್ದು ಮಿಣಮಿಣ ಅಂತ ಬಂತಂತೆ, ಪಂಪ್‌ವೆಲ್ ತನಕ ಒಂದು ಬಸ್ಸಿನ ಬೆನ್ನು ಹಿಡಿದು ಬಂದರಂತೆ.

ನಮ್ಮದು 1997ರ ಮಾರುತಿ 800. ಕಾರ್ಬುರೇಟರಿನದ್ದು, 796 ಸಿಸಿ, ಬಿಳಿ ಬಣ್ಣ. ಈಗ ಅದನ್ನು ಬಿಳಿ ಅನ್ನುವುದು ಪ್ರೀತಿಯ ಮಾತು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ಅಪ್ಪ ಸ್ಟಾಫ್ ಲೋನ್ ತೆಗೆದು ಕೊಂಡದ್ದು. ಹದಿನೈದು ವರ್ಷ ಮುಗಿದಾಗ ಆರ್‌ಸಿ ನವೀಕರಿಸಿದರು, ಐದು ವರ್ಷ ಬಿಟ್ಟು ಮತ್ತೆ ನವೀಕರಿಸಿದರು. 2022ರ ಏಪ್ರಿಲ್‌ನಿಂದ ಆರುನೂರು ರೂಪಾಯಿ ಇದ್ದ ಶುಲ್ಕ ಐದು ಸಾವಿರ ಆಯಿತು. ನಮ್ಮ ಸರದಿ ಬಂದದ್ದು ಸರಿಯಾಗಿ ಆ ವರ್ಷದ ಆಗಸ್ಟಿನಲ್ಲಿ. ಅದನ್ನೂ ಕಟ್ಟಿದರು. "ಐದು ವರ್ಷಕ್ಕೆ ಐದು ಸಾವಿರ, ದಿನಕ್ಕೆ ಮೂರು ರೂಪಾಯಿ ಕೂಡ ಇಲ್ಲ" ಅಂತ ಲೆಕ್ಕ ಹೇಳಿದರು. ಬ್ಯಾಂಕಿನವರ ಹತ್ತಿರ ಲೆಕ್ಕದಲ್ಲಿ ಜಗಳ ಮಾಡಬಾರದು.

ಗುರುವಾರ ರಾತ್ರಿ ಬಸ್ ಹತ್ತಿದೆ. ಮ್ಯಾನೇಜರಿಗೆ ಎರಡು ವಾರ ಮನೆಯಿಂದ ಕೆಲಸ ಅಂತ ಹೇಳಿದ್ದೆ. ಕಾರಣ ಕೇಳಿದರು. ಹೆಡ್‌ಲೈಟ್ ಅಂತ ಹೇಳಿದ್ರೆ ಹೇಗಿರ್ತಿತ್ತೋ. ಫ್ಯಾಮಿಲಿ ಎಮರ್ಜೆನ್ಸಿ ಅಂದೆ. ಸುಳ್ಳೇನೂ ಅಲ್ಲ.

ಕಂಕನಾಡಿ ಕಡೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಅಷ್ಟರೊಳಗೆ ನೋಡಿ ಆಗಿತ್ತು. ಬಾನೆಟ್ ಎತ್ತಿ, ಲೈಟಿನ ಹಿಂದಿನ ವಯರನ್ನು ಅಲ್ಲಾಡಿಸಿದ, ಲೈಟ್ ಬಂತು. "ಲೂಸ್ ಕನೆಕ್ಷನ್" ಅಂದ, ದುಡ್ಡು ಕೂಡ ತೆಗೊಳ್ಳಲಿಲ್ಲ. ಮರುದಿನ ಸಂಜೆ ಪುನಃ ಹೋಯ್ತು. ಎರಡನೇ ಸಲ ಹೋದಾಗ ಇಡೀ ವಯರಿಂಗ್ ಬದಲಿಸಬೇಕು ಅಂದನಂತೆ. ಅಪ್ಪ ಮರ್ಯಾದೆಯಿಂದ ಕಾರು ತಿರುಗಿಸಿಕೊಂಡು ಬಂದರು.

"ವಯರಿಗೆ ಎಂತದೂ ಆಗ್ಲಿಲ್ಲ. ಕಪ್ಲರ್ ಹಸಿರು ಹಿಡಿದದ್ದು" ಅಂತ ಅಪ್ಪನ ತೀರ್ಪು. ಕಪ್ಲರ್ ಅಂದ್ರೆ ಎರಡು ಕಡೆಯ ವಯರುಗಳು ಬಂದು ಸೇರುವ ಪ್ಲಾಸ್ಟಿಕ್ ಜೋಡಣೆ. ಪುಸ್ತಕದಲ್ಲಿ ಕನೆಕ್ಟರ್ ಅಂತಾರೆ, ಗ್ಯಾರೇಜಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ.

ನೀವು ಬೆಂಗಳೂರಿನಲ್ಲೇ ಕಾರು ಇಟ್ಟುಕೊಂಡವರಾದರೆ ಈ ಹಸಿರು ನಿಮಗೆ ಗೊತ್ತಿರಲಿಕ್ಕಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಉಳಿದ ತಿಂಗಳು ಬೆವರು, ವರ್ಷವಿಡೀ ಸಮುದ್ರದ ಉಪ್ಪುಗಾಳಿ. ಉರ್ವದ ನಮ್ಮ ಮನೆಯಿಂದ ಕಡಲು ಕಾಣುವುದಿಲ್ಲ, ಆದರೆ ಗೇಟಿನ ಚಿಲಕಕ್ಕೆ, ಫ್ರಿಜ್ಜಿನ ಕಾಲಿಗೆ, ಬಟ್ಟೆ ಒಣಗಿಸುವ ಸರಿಗೆಗೆ ಕಡಲು ಎಲ್ಲಿದೆ ಅಂತ ಗೊತ್ತು. ಕಪ್ಲರಿನ ಒಳಗಿನ ಪಿನ್ನು ತಾಮ್ರ ಅಥವಾ ಹಿತ್ತಾಳೆಯದ್ದು, ಮೇಲೆ ತವರದ ತೆಳು ಲೇಪ. ಲೇಪ ಸವೆದ ಕಡೆ ತೇವ ಮತ್ತು ಉಪ್ಪು ಸೇರಿದರೆ ತಾಮ್ರ ಹಸಿರು ಪುಡಿಯಾಗುತ್ತದೆ. ಅಜ್ಜಿಯ ಮನೆಯ ತಾಮ್ರದ ಹಂಡೆಯ ಹೊರಗೆ ಇರುತ್ತಿತ್ತಲ್ಲ, ಅದೇ ಜಾತಿ. ಹಂಡೆಗೆ ಹುಣಸೆಹುಳಿ ಸಾಕು. ಕಪ್ಲರಿಗೆ ಸಾಲದು.

ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮ ನನ್ನ ತಟ್ಟೆಗೆ ನೀರುದೋಸೆ ಹಾಕುತ್ತಾ ಹೇಳಿದಳು, "ನೀನು ಅದನ್ನು ಸರಿ ಮಾಡ್ಲಿಕ್ಕೆ ಹೋಗ್ಬೇಡ."

"ಎಂತಕ್ಕೆ?"

"ಲೈಟ್ ಇಲ್ಲದಿದ್ರೆ ರಾತ್ರಿ ತೆಗಿಯುದಿಲ್ಲ. ಹಾಗೇ ಇರ್ಲಿ."

ಅಪ್ಪನಿಗೆ ಎಪ್ಪತ್ತೊಂದು. ಬಲಗಣ್ಣಿನ ಪೊರೆ ತೆಗೆಸಿ ಎರಡು ವರ್ಷ ಆಯ್ತು. ಎಡಗಣ್ಣಿನದ್ದು ಬಾಕಿ. ಮೊದಲು ಮಳೆ ಮುಗೀಲಿ ಅಂದರು, ಆಮೇಲೆ ಸೆಖೆ ಮುಗೀಲಿ ಅಂದರು, ಈಗ ಪುನಃ ಮಳೆ. ಕೈ ಕೂಡ ಸ್ವಲ್ಪ ನಡುಗುತ್ತದೆ, ಕಾಫಿ ಲೋಟ ಎತ್ತುವಾಗ ಕಾಣುತ್ತದೆ. ಅಮ್ಮ ಎಷ್ಟೋ ಸಲ ಹೇಳಿ ಸೋತಿದ್ದಾಳೆ. ದುಬೈಯಿಂದ ಅಣ್ಣ ವಾಟ್ಸ್ಯಾಪ್‌ನಲ್ಲಿ ಲೇಖನ ಕಳಿಸುತ್ತಾನೆ, ಅಪ್ಪ ಹೆಬ್ಬೆಟ್ಟು ತೋರಿಸಿ ಸುಮ್ಮನಾಗುತ್ತಾರೆ. ಈಗ ಮನುಷ್ಯರು ಹೇಳಲಾಗದ್ದನ್ನು ಕಪ್ಲರ್ ಹೇಳಿದೆ, ಅದರ ಬಾಯಿ ಯಾಕೆ ಮುಚ್ಚಿಸುತ್ತೀ ಅನ್ನುವುದು ಅಮ್ಮನ ವಾದ. ನನಗೆ ಉತ್ತರ ಹೊಳೆಯಲಿಲ್ಲ. ಒಂದು ದೋಸೆ ಹೆಚ್ಚು ತಿಂದೆ.

ಆದರೂ ಭಾನುವಾರ ಬೆಳಿಗ್ಗೆ ನಾನು ಶೆಡ್ಡಿನಲ್ಲಿದ್ದೆ. ಲೈಟ್ ಹೋಗುತ್ತದೆ ಅಂತ ಅಪ್ಪ ರಾತ್ರಿ ಬಿಡುವುದಿಲ್ಲ ಅನ್ನುವುದು ಅಮ್ಮನ ಊಹೆ. ಗುರುವಾರ ಸಂಜೆ ಎಲೆಕ್ಟ್ರಿಷಿಯನ್ನನ ಅಂಗಡಿಯಿಂದ ಅವರು ಬಂದದ್ದು ಏಳೂವರೆಗೆ, ಮಿಣುಕುವ ಲೈಟಿನಲ್ಲೇ. ಅದು ನನಗೆ ಗೊತ್ತಿತ್ತು.

ಮೇಲೆ ಶೀಟಿಗೆ ಮಳೆ ಹೊಡೆಯುವ ಸದ್ದಿಗೆ ಇಬ್ಬರೂ ಕೂಗಿ ಮಾತಾಡಬೇಕಾಗಿತ್ತು. ಅಪ್ಪ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿಕೊಂಡರು, ತೊಡೆಯ ಮೇಲೆ ಅವರ ನೋಟ್‌ಬುಕ್. ಕಾರು ಬಂದ ದಿನದಿಂದ ಅದರಲ್ಲಿ ಬರೆಯುತ್ತಾರೆ. ತಾರೀಕು, ಕಿಲೋಮೀಟರ್, ಆಯಿಲ್, ಖರ್ಚು. ಒಂದು ಪುಟದಲ್ಲಿ 2004ರ ಜುಲೈ, 'ಎಡ ಹೆಡ್‌ಲೈಟ್ ಕಪ್ಲರ್ ಕ್ಲೀನ್' ಅಂತ ಇತ್ತು. ಅಂದ್ರೆ ಈ ಕಪ್ಲರನ್ನು ಕೊನೆಯ ಸಲ ಬಿಚ್ಚಿದ್ದು ನಾನು ಆರನೇ ಕ್ಲಾಸಿನಲ್ಲಿದ್ದಾಗ.

ಬಿಚ್ಚುವ ಮೊದಲು ಅಳೆಯುವ ಅಂದೆ. ನಾಲ್ಕುನೂರು ರೂಪಾಯಿಯ ಮಲ್ಟಿಮೀಟರ್ ತಂದಿದ್ದೆ. ಲೈಟ್ ಹಾಕಿ, ಬ್ಯಾಟರಿಯ ಎರಡು ಕಂಬಗಳ ಮಧ್ಯೆ ನೋಡಿದರೆ 12.1 ವೋಲ್ಟ್. ಬಲ್ಬಿನ ಸಾಕೆಟ್ ತೆಗೆಯದೆ, ಹಿಂದಿನಿಂದ ಪ್ರೋಬ್ ತೂರಿಸಿ ಅಲ್ಲಿ ನೋಡಿದರೆ 10.3. ಸಾಕೆಟ್ ತೆಗೆದು ಅಳೆದರೆ ಪ್ರಯೋಜನ ಇಲ್ಲ, ಕರೆಂಟ್ ಹರಿಯದೆ ಇದ್ದರೆ ಎಲ್ಲ ಕಪ್ಲರೂ ಒಳ್ಳೆಯದೇ, 12 ವೋಲ್ಟೇ ತೋರಿಸುತ್ತದೆ. ಹರಿಯುವಾಗ ಗೊತ್ತಾಗುವುದು. 1.8 ವೋಲ್ಟ್ ದಾರಿಯಲ್ಲಿ ಕಳೆದುಹೋಗಿದೆ.

1.8 ಅಂದ್ರೆ ಏನು ಮಹಾ ಅನ್ನಬಹುದು. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮಸಮ ಇಳಿಯುವುದಿಲ್ಲ, ಮೂರು ಪಟ್ಟಿಗಿಂತಲೂ ಜೋರಾಗಿ ಇಳಿಯುತ್ತದೆ. ಆರನೇ ಒಂದು ಪಾಲು ವೋಲ್ಟೇಜ್ ಹೋದರೆ ಬೆಳಕು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಉಳಿಯುತ್ತದೆ. ಕಳೆದುಹೋದದ್ದು ಎಲ್ಲಿಗೂ ಹೋಗುವುದಿಲ್ಲ. ಬಲ್ಬಿಗೆ ಹೆಚ್ಚುಕಮ್ಮಿ ಐದು ಆಂಪಿಯರ್ ಹರಿಯುತ್ತದೆ, ಅದಕ್ಕೆ 1.8 ವೋಲ್ಟ್ ಗುಣಿಸಿ, ಒಂಬತ್ತು ವ್ಯಾಟ್ ಬಿಸಿ ಆ ಕಿರಿದಾದ ಪ್ಲಾಸ್ಟಿಕ್ಕುಗಳ ಒಳಗೆ ಕೂತು ಬೇಯಿಸುತ್ತಿರುತ್ತದೆ. ಬಿಸಿಗೆ ಪಿನ್ನಿನ ಹಿಡಿತ ಸಡಿಲವಾಗುತ್ತದೆ, ಸಡಿಲವಾದರೆ ಇನ್ನೂ ಬಿಸಿ.

"ನಾನು ಹೇಳಿದೆ ಅಲ್ವಾ" ಅಂದರು ಅಪ್ಪ, ಮೀಟರ್ ನೋಡದೆ.

ಬ್ಯಾಟರಿಯ ಮೈನಸ್ ಮೊದಲು ಬಿಚ್ಚಬೇಕು. ಇದನ್ನು ಅಪ್ಪ ನನಗೆ ಮೂರು ಸಲ ಹೇಳಿದರು. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ, ಬ್ಯಾಟರಿಯ ಪೂರ್ತಿ ಕರೆಂಟು ಸ್ಪ್ಯಾನರಿನಲ್ಲಿ. ಮೈನಸ್ ಬಿಚ್ಚಿದ ಮೇಲೆ ತಾಗಿದರೆ ಏನೂ ಇಲ್ಲ. ಹತ್ತರ ಸ್ಪ್ಯಾನರ್ ಸಾಕು. ಕಂಬದ ಸುತ್ತ ಬಿಳಿ ಪುಡಿ ಕೂತಿತ್ತು, ಅಡುಗೆ ಸೋಡ ಕಲಸಿದ ಬಿಸಿನೀರು ಹೊಯ್ದರೆ ಬುಸ್ ಅಂತ ನೊರೆ ಬಂದು ಹೋಯಿತು. ಆ ಸೋಡ ಅಮ್ಮನ ಡಬ್ಬಿಯದ್ದು. ಕೇಳದೆ ತಂದದ್ದು.

ಆಮೇಲೆ ಹೆಡ್‌ಲೈಟಿನ ಹಿಂದಿನ ಕಪ್ಲರ್. ಅದು ಬರಲಿಲ್ಲ.

ನಾನು ಮಾಡಿದ ಮೊದಲ ತಪ್ಪು ಎಲ್ಲರೂ ಮಾಡುವುದೇ, ವಯರ್ ಹಿಡಿದು ಎಳೆದದ್ದು. "ವಯರ್ ಹಿಡಿದು ಎಳಿಬೇಡ ಮಾರಾಯ್ತಿ! ಒಳಗಿಂದ ಪಿನ್ನೇ ಕಿತ್ತು ಬರ್ತದೆ" ಅಂತ ಅಪ್ಪ ಕುರ್ಚಿಯಿಂದ ಎದ್ದೇ ಬಿಟ್ಟರು. ಪ್ಲಾಸ್ಟಿಕ್ಕಿನ ಮೈಯನ್ನೇ ಹಿಡಿಯಬೇಕು. ಬದಿಯಲ್ಲಿ ಒಂದು ನಾಲಗೆ ಇರುತ್ತದೆ, ಲಾಕ್, ಅದನ್ನು ಒತ್ತಬೇಕು. ಒತ್ತಿದೆ, ಬರಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಟಕ್ ಅಂತ ಸದ್ದು ಬಂತು. ಒಳ್ಳೆಯ ಸದ್ದಲ್ಲ. ನಾಲಗೆ ನನ್ನ ಕೈಗೇ ಬಂದಿತ್ತು. ಇಪ್ಪತ್ತಾರು ವರ್ಷ ಇಂಜಿನ್ನಿನ ಬಿಸಿಯಲ್ಲಿ ಬೆಂದ ಪ್ಲಾಸ್ಟಿಕ್ ಹಪ್ಪಳದ ಹಾಗೆ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಬಲಗಡೆಯದ್ದು ನಾನು ತೆಗಿತೇನೆ" ಅಂದರು.

ಅವರು ಬಗ್ಗಿ ಕೈ ಹಾಕಿದರು. ಮೊದಲು ಒಳಗೆ ತಳ್ಳಬೇಕು ಅಂತ ತೋರಿಸಿದರು. ಎಳೆಯುವ ಒತ್ತಡ ಇರುವಾಗ ಲಾಕಿನ ಹಲ್ಲು ಬಿಗಿಯಾಗಿ ಕಚ್ಚಿರುತ್ತದೆ, ಎಷ್ಟು ಒತ್ತಿದರೂ ಏಳುವುದಿಲ್ಲ. ಒಂದು ಕೂದಲೆಳೆ ಒಳಗೆ ತಳ್ಳಿದರೆ ಹಲ್ಲು ಸಡಿಲ, ಆಗ ನಾಲಗೆ ಒತ್ತಿ, ಒತ್ತಿಕೊಂಡೇ ಆಚೆ ಈಚೆ ಸ್ವಲ್ಪ ಅಲ್ಲಾಡಿಸುತ್ತಾ ಎಳೆಯಬೇಕು. ಹೇಳಿದ್ದೆಲ್ಲ ಸರಿ. ಆದರೆ ನಾಲಗೆ ಇರುವುದು ಕಾಣದ ಬದಿಯಲ್ಲಿ, ಹೆಬ್ಬೆರಳ ತುದಿಯಿಂದಲೇ ಹುಡುಕಬೇಕು, ಹುಡುಕಿ ಒತ್ತಿ ಹಿಡಿಯಬೇಕು. ಅಪ್ಪನ ಹೆಬ್ಬೆರಳು ನಿಲ್ಲುತ್ತಿರಲಿಲ್ಲ. ಒತ್ತುವುದು, ಜಾರುವುದು. ಒತ್ತುವುದು, ಜಾರುವುದು. ನಾನು ಟಾರ್ಚ್ ಹಿಡಿದು ನಿಂತಿದ್ದೆ. ಬೆಳಕನ್ನು ಅವರ ಕೈಯ ಮೇಲಿಂದ ಸ್ವಲ್ಪ ಆಚೆ ಸರಿಸಿದೆ, ನೋಡಬಾರದು ಅನಿಸಿ. "ಅಲ್ಲಿ ಎಂತ ತೋರಿಸ್ತೀ, ಇಲ್ಲಿ ತೋರಿಸು" ಅಂದರು.

ಐದು ನಿಮಿಷ ಆಗಿರಬಹುದು. ಕೈ ತೆಗೆದು ಪಂಚೆಗೆ ಒರೆಸಿಕೊಂಡರು. "ನಿನ್ನ ಬೆರಳು ಸಪೂರ, ನೀನೇ ಮಾಡು" ಅಂತ ಹೋಗಿ ಕೂತರು.

ಈ ಸಲ ಅವಸರ ಮಾಡಲಿಲ್ಲ. ಲಾಕಿನ ಸಂದಿಯಲ್ಲಿ ಕೂತ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದೆ. ಅರ್ಧ ಸಲ ಕಪ್ಲರ್ ಬಾರದೆ ಇರುವುದು ತುಕ್ಕಿನಿಂದ ಅಲ್ಲ, ಈ ಮಣ್ಣಿನಿಂದ, ನಾಲಗೆಗೆ ಕೆಳಗಿಳಿಯಲು ಜಾಗವೇ ಇರುವುದಿಲ್ಲ. ನನ್ನ ಹೇರ್ ಡ್ರೈಯರ್ ತಂದು ಎರಡು ನಿಮಿಷ ಬಿಸಿ ಗಾಳಿ ಕೊಟ್ಟೆ, ಪ್ಲಾಸ್ಟಿಕ್ ಸ್ವಲ್ಪ ಮೆತ್ತಗಾಗಲಿ ಅಂತ. "ಕಾರಿಗೆ ಬ್ಯೂಟಿ ಪಾರ್ಲರಾ?" ಅಂತ ಅಪ್ಪ. ಒಳಗೆ ತಳ್ಳಿದೆ, ಹೆಬ್ಬೆರಳಲ್ಲಿ ಹುಡುಕಿದೆ, ಒತ್ತಿದೆ, ಅಲ್ಲಾಡಿಸಿದೆ. ಹಲಸಿನ ತೊಳೆ ಬಿಡಿಸಿದ ಹಾಗೆ ಬಂತು.

ಒಳಗೆ ಮೂರು ಪಿನ್ನು. ಒಂದು ಹಸಿರು, ಒಂದು ಕಪ್ಪು, ಒಂದರ ಸುತ್ತ ಪ್ಲಾಸ್ಟಿಕ್ಕೇ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು.

ಕ್ಲೀನ್ ಮಾಡುವುದು ಹೇಗೆ ಅನ್ನುವಲ್ಲಿ ಜಗಳ ಆಯಿತು. ಅಪ್ಪನ ವಿಧಾನ ಪೆಟ್ರೋಲ್ ಮತ್ತು ಉಪ್ಪುಕಾಗದ. ಪೆಟ್ರೋಲ್ ಬೇಡವೇ ಬೇಡ ಅಂದೆ. ಉಪ್ಪುಕಾಗದ ಉಜ್ಜಿದರೆ ಹಸಿರಿನ ಜೊತೆ ತವರದ ಲೇಪವೂ ಹೋಗುತ್ತದೆ, ಆ ದಿನ ಫಳಫಳ, ಮುಂದಿನ ಮಳೆಗಾಲಕ್ಕೆ ಪುನಃ ಹಸಿರು. "2004ರಲ್ಲಿ ನಾನು ಹಾಗೇ ಮಾಡಿದ್ದು" ಅಂದರು. ಹಾಗಾಗಿಯೇ ಹೀಗಾದದ್ದು ಅಂತ ನಾಲಗೆಯ ತುದಿಗೆ ಬಂತು, ನುಂಗಿದೆ. ಹತ್ತೊಂಬತ್ತು ವರ್ಷ ಬಾಳಿದೆ ಅನ್ನುವುದೂ ಸತ್ಯವೇ ತಾನೆ. ನನ್ನ ಸಾಮಾನು: ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಒಂದು ಡಬ್ಬಿ, ನೈಲಾನ್ ಬ್ರಷ್, ಹಲ್ಲಿನ ಸಂದಿ ತೊಳೆಯುವ ಆ ಪುಟ್ಟ ಬ್ರಷ್ಷುಗಳು. ಎಲ್ಲರ ಮನೆಯಲ್ಲೂ ಇರುವ ಮಾಮೂಲಿ ಡಬ್ಲ್ಯೂಡಿ-40 ಈ ಕೆಲಸಕ್ಕಲ್ಲ. ಅದು ನೀರು ಓಡಿಸಲು ಮಾಡಿದ್ದು, ಹಿಂದೆ ಎಣ್ಣೆಯ ಪೊರೆ ಬಿಡುತ್ತದೆ, ಅದಕ್ಕೆ ಧೂಳು ಹಿಡಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಆವಿಯಾಗಿ ಹೋಗುತ್ತದೆ, ಏನೂ ಉಳಿಸುವುದಿಲ್ಲ.

ಸ್ಪ್ರೇ ಹೊಡೆ, ಉಜ್ಜು, ಒಣಗಲು ಬಿಡು, ಪುನಃ. ನಾಲ್ಕು ಸುತ್ತಿಗೆ ಹಸಿರು ನೀರು ಬರುವುದು ನಿಂತಿತು. ಹೆಣ್ಣು ಪಿನ್ನುಗಳು ಬಾಯಿ ಅಗಲಿಸಿದ್ದವು, ಸೂಜಿಯಿಂದ ತುಸು ಒತ್ತಿ ಬಿಗಿ ಮಾಡಿದೆ. ಕರಗಿದ ಸಾಕೆಟ್ಟಿಗೆ ಮದ್ದಿಲ್ಲ, ಹೊಸದನ್ನು ಅಪ್ಪ ಮೊದಲೇ ತಂದಿಟ್ಟಿದ್ದರು. ಅಂದ್ರೆ ತಾನೇ ಮಾಡುವ ಅಂತ ಇದ್ದರು, ಆಗಿರಲಿಲ್ಲ. ಬ್ಯಾಟರಿಯ ಮೈನಸ್ ವಯರು ಬಾಡಿಗೆ ಸೇರುವ ಬೋಲ್ಟಿನ ಅಡಿ ಮಾತ್ರ ಉಪ್ಪುಕಾಗದ ಹಾಕಿದೆವು, ಅಲ್ಲಿ ಲೇಪದ ಪ್ರಶ್ನೆ ಇಲ್ಲ, ತುಕ್ಕು ಹೋಗಿ ಲೋಹ ಕಂಡರೆ ಸಾಕು. ಆ ಉಜ್ಜುವ ಕೆಲಸ ಅಪ್ಪ ಮಾಡಿದರು. ಅದಕ್ಕೆ ಕೈ ನಡುಗಿದರೂ ತೊಂದರೆ ಇಲ್ಲ.

ಎರಡೂ ಲೈಟ್ ಒಟ್ಟಿಗೆ ಹೋದದ್ದು ಮಾತ್ರ ಇನ್ನೂ ಬಗೆಹರಿದಿರಲಿಲ್ಲ. ಎಡಗಡೆಯ ಕಪ್ಲರ್ ಕೆಟ್ಟರೆ ಎಡಗಡೆ ಹೋಗಬೇಕು. ಎರಡೂ ಹೋಗಬೇಕಾದರೆ ತೊಂದರೆ ಎರಡಕ್ಕೂ ಹೋಗುವ ದಾರಿ ಕವಲೊಡೆಯುವ ಮೊದಲೇ ಇರಬೇಕು. ಸ್ಟಿಯರಿಂಗಿನ ಕೆಳಗೆ, ಲೈಟಿನ ಸ್ವಿಚ್ಚಿನ ಕಪ್ಲರ್. ನಮ್ಮ ಕಾರಿನಲ್ಲಿ ಹೆಡ್‌ಲೈಟಿಗೆ ರಿಲೇ ಇಲ್ಲ, ಎರಡು ಬಲ್ಬಿನ ಪೂರ್ತಿ ಕರೆಂಟ್, ಹತ್ತು ಆಂಪಿಯರ್, ಆ ಸ್ವಿಚ್ಚಿನ ಮೂಲಕವೇ ಹರಿಯುತ್ತದೆ. ಸೀಟಿನ ಮೇಲೆ ಅಂಗಾತ ಮಲಗಿ, ಕಾಲು ಬಾಗಿಲಿನ ಹೊರಗೆ ಮಳೆಗೆ ಬಿಟ್ಟು, ಟಾರ್ಚ್ ಬಾಯಲ್ಲಿ ಕಚ್ಚಿ ನೋಡಿದೆ. ಒಂದು ಪಿನ್ನು ಸುಟ್ಟು ಕಪ್ಪಾಗಿತ್ತು. ಸಂಕದ ಮೇಲೆ ಕೈಕೊಟ್ಟದ್ದು ಇದೇ. ಅದನ್ನು ಬಿಚ್ಚಲು ಮುಕ್ಕಾಲು ಗಂಟೆ ಆಯಿತು, ವಿವರ ಬೇಡ, ಲಾಕ್ ಮುರಿಯಲಿಲ್ಲ.

ಎಲ್ಲ ಮುಗಿದ ಮೇಲೆ ಬ್ಯಾಟರಿ ಕೂಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. "ಇದು ನಾನು ಮಾಡ್ತೇನೆ" ಅಂದರು ಅಪ್ಪ. ನಾನು ಕೈ ತೊಳೆಯಲು ಹೋಗಿ ಬಂದಾಗ ಅವರು ಇನ್ನೂ ಬಗ್ಗಿಯೇ ಇದ್ದರು. "ಇದು ಎಂತ ಕೂರುದಿಲ್ಲ?" ಪ್ಲಸ್ ಕಂಬ ಮೈನಸ್ ಕಂಬಕ್ಕಿಂತ ಸ್ವಲ್ಪ ದಪ್ಪ, ಒಂದರ ಕ್ಲ್ಯಾಂಪು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಅವರ ಕೈಯಲ್ಲಿದ್ದದ್ದು ಕೆಂಪು ವಯರು. ತೂರಿಸುತ್ತಿದ್ದದ್ದು ಮೈನಸ್ ಕಂಬಕ್ಕೆ.

"ಕೊಡಿ ಅಪ್ಪಾ, ನಾನು ನೋಡ್ತೇನೆ" ಅಂದೆ. ಕೊಟ್ಟರು. ಅವರಿಗೆ ಗೊತ್ತಾಯಿತೋ ಇಲ್ಲವೋ. ಶೆಡ್ಡಿನಲ್ಲಿ ಕತ್ತಲೆ ಇತ್ತು, ಬಿಡಿ.

ಲೈಟ್ ಹಾಕಿ ಅಳೆದೆ. 11.5. ಗೋಡೆಯ ಮೇಲೆ ಎರಡು ಬಿಳಿ ವೃತ್ತಗಳು, ನಾನು ಚಿಕ್ಕವಳಿದ್ದಾಗ ನೋಡಿದ ಹಾಗೆ. ಮುರಿದ ಲಾಕಿನ ಜಾಗದಲ್ಲಿ ಒಂದು ಕೇಬಲ್ ಟೈ. ಅಪ್ಪ ಬಾನೆಟ್ ಇಳಿಸಿ ಅದರ ಮೇಲೆ ಎರಡು ಸಲ ತಟ್ಟಿದರು. "ರಾತ್ರಿ ಒಂದು ರೌಂಡ್ ಹೋಗಿ ಬರುವ. ಟೆಸ್ಟ್ ಮಾಡ್ಬೇಕಲ್ಲ."

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿದಳು ಅಷ್ಟೆ.

ಏಳೂಮುಕ್ಕಾಲಿಗೆ ಹೊರಟೆವು. ಅಪ್ಪ ಸ್ಟಿಯರಿಂಗಿನಲ್ಲಿ, ನಾನು ಪಕ್ಕದಲ್ಲಿ. ಉರ್ವಸ್ಟೋರಿನಿಂದ ಲೇಡಿಹಿಲ್, ಅಲ್ಲಿಂದ ಮಣ್ಣಗುಡ್ಡೆ. ಮಳೆ ಹನಿಯುತ್ತಿತ್ತು. ಬೆಳಕು ನಿಜಕ್ಕೂ ಚೆನ್ನಾಗಿತ್ತು, ರಸ್ತೆಯ ಗುಂಡಿಯಲ್ಲಿ ನಿಂತ ನೀರಿನ ಅಂಚು ಕೂಡ ಕಾಣುತ್ತಿತ್ತು. ಅಪ್ಪ ಖುಷಿಯಲ್ಲಿದ್ದರು. ಈ ಲೈಟಿನಲ್ಲಿ ಬೇಕಾದ್ರೆ ಸುಬ್ರಹ್ಮಣ್ಯಕ್ಕೆ ಹೋಗಿ ಬರಬಹುದು ಅಂದರು.

ಮಣ್ಣಗುಡ್ಡೆಯ ಒಳರಸ್ತೆಯಲ್ಲಿ ಎಡಬದಿಗೆ ಒಬ್ಬ ಹೆಂಗಸು ಕೊಡೆ ಹಿಡಿದು ನಡೆಯುತ್ತಿದ್ದರು. ಕೈಯಲ್ಲಿ ಹಾಲಿನ ಪ್ಯಾಕೆಟ್. ನನಗೆ ದೂರದಿಂದಲೇ ಕಂಡಿತು, ಬೆಳಕು ನೇರ ಅವರ ಮೇಲೆ ಬಿದ್ದಿತ್ತು. ಕಾರು ನಿಧಾನ ಆಗಲಿಲ್ಲ. ಬಲಕ್ಕೆ ಸರಿಯಲೂ ಇಲ್ಲ.

"ಅಪ್ಪಾ!"

ಬ್ರೇಕ್. ಕಾರು ನಿಂತಿತು. ಹೆಂಗಸು ತಿರುಗಿ ನೋಡಿ, ಕೊಡೆ ಸರಿಮಾಡಿಕೊಂಡು, ಏನೋ ಗೊಣಗಿ ಮುಂದೆ ಹೋದರು. ವೈಪರ್ ಆಚೆ ಈಚೆ ಹೋಗುತ್ತಿತ್ತು.

"ಕಂಡಿತ್ತು ನಂಗೆ" ಅಂದರು ಅಪ್ಪ.

ನಾನು ಏನೂ ಹೇಳಲಿಲ್ಲ. ಬೆಂಗಳೂರಿನಿಂದ ಬರುವಾಗ ಬಸ್ಸಿನಲ್ಲಿ ತಯಾರು ಮಾಡಿಕೊಂಡಿದ್ದ ಮಾತೆಲ್ಲ ಇತ್ತು, ವಯಸ್ಸು, ರಿಫ್ಲೆಕ್ಸು, ಇನ್ಶೂರೆನ್ಸು. ಒಂದೂ ಬರಲಿಲ್ಲ. ಒಂದು ನಿಮಿಷ ಹಾಗೇ ಕೂತಿದ್ದೆವು, ಹಿಂದಿನಿಂದ ಒಂದು ರಿಕ್ಷಾ ಹಾರ್ನ್ ಹಾಕುವ ತನಕ. ಅಪ್ಪ ಬಾಗಿಲು ತೆಗೆದು ಇಳಿದರು, ಮಳೆಯಲ್ಲೇ ಕಾರಿನ ಮುಂದಿನಿಂದ ಸುತ್ತಿ ಬಂದರು. ಎರಡು ಲೈಟಿನ ಮಧ್ಯೆ ದಾಟುವಾಗ ಅವರ ಬಿಳಿ ಅಂಗಿ ಝಗ್ಗನೆ ಹೊಳೆಯಿತು. ನನ್ನ ಬಾಗಿಲು ತೆಗೆದು, "ಸರಿ, ಆಚೆ ಹೋಗು" ಅಂದರು.

ಮನೆ ತನಕ ನಾನು ಬಿಟ್ಟೆ. ಕ್ಲಚ್ಚಿನ ಮೇಲೆ ಕಾಲು ಇಟ್ಟುಕೊಂಡೇ ಓಡಿಸ್ತೀ, ಪ್ಲೇಟ್ ಸವೆಯುತ್ತದೆ ಅಂತ ಎರಡು ಸಲ ಹೇಳಿದರು. ಬೇರೆ ಮಾತಿಲ್ಲ.

ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಮರುದಿನ ಕದ್ದು ನೋಡಿದೆ. '9-7-23. ಹೆಡ್‌ಲೈಟ್ ಕಪ್ಲರ್, ಸ್ವಿಚ್ ಕಪ್ಲರ್ ಕ್ಲೀನ್. ಎಡ ಲಾಕ್ ತುಂಡು. 11.5 ವೋಲ್ಟ್.' ಯಾರು ತುಂಡು ಮಾಡಿದ್ದು ಅಂತ ಇರಲಿಲ್ಲ. ಮಣ್ಣಗುಡ್ಡೆಯ ವಿಷಯವೂ ಇರಲಿಲ್ಲ. ಅಮ್ಮನಿಗೆ ನಾನೂ ಹೇಳಲಿಲ್ಲ. ಈಗ ಇದನ್ನು ಓದಿದರೆ ಗೊತ್ತಾಗಬಹುದು.

ಎಡಗಣ್ಣಿನ ಆಪರೇಶನ್ನಿಗೆ ಅಪ್ಪ ತಾವೇ ಫೋನ್ ಮಾಡಿ ತಾರೀಕು ತೆಗೊಂಡರು, ಆಗಸ್ಟಿನಲ್ಲಿ, ಮಳೆ ಮುಗಿಯುವ ಮೊದಲೇ. ಕಾರಿನ ಕೀಲಿ ಮಾತ್ರ ಎಂದಿನ ಮೊಳೆಯಲ್ಲೇ ಇದೆ. ಸಂಜೆ ಆರರ ಮೇಲೆ ಅದನ್ನು ಯಾರೂ ತೆಗೆಯುವುದಿಲ್ಲ ಅಂತ ಅಮ್ಮ ಹೇಳುತ್ತಾಳೆ. ನಾನು ಒಂದು ರಿಲೇ ಸೆಟ್ ಆರ್ಡರ್ ಮಾಡಿ ಕಳಿಸಿದೆ, ಸ್ವಿಚ್ಚಿನ ಮೇಲಿನ ಭಾರ ತಪ್ಪಲಿ ಅಂತ. ಪೆಟ್ಟಿಗೆ ಒಡೆಯದೆ ಇಟ್ಟಿದ್ದಾರಂತೆ.

ಕಳೆದ ವಾರ ಅಪ್ಪ ಫೋನ್ ಮಾಡಿದ್ದರು. ವೈಪರ್ ಅರ್ಧಕ್ಕೆ ನಿಲ್ಲುತ್ತದಂತೆ. ಮೋಟರಿನ ಕಪ್ಲರ್ ಇರಬೇಕು ಅಂದರು. "ಅರ್ಜೆಂಟ್ ಏನಿಲ್ಲ. ನೀನು ಬಂದಾಗ ನೋಡುವ. ನಾನು ಮುಟ್ಲಿಲ್ಲ."